ಕಂಬಳಿ ಹೊದೆಯಲು ಬಾರದವನು

"ಹಾಗಲ್ಲ ಸರ್, ಎಡಭುಜದ ಮೇಲೆ!" ಎಂದು ಛಾಯಾ ಆ ದಿನ ಆರನೆಯ ಸಲ ಹೇಳಿದಳು.

ಹೀರೋ ವಿಹಾನ್ ಕಂಬಳಿಯನ್ನು ಬಲಭುಜಕ್ಕೇ ಹಾಕಿಕೊಂಡ. ಅದು ಜಾರಿ ಅವನ ಕಾಲಿಗೆ ಸುತ್ತಿಕೊಂಡಿತು. ಪಾಪದವನ ಹಾಗೆ ಮುಖ ಮಾಡಿ ನಿಂತ.

ಛಾಯಾ ಎದ್ದು ಬಂದಳು. ಅಂಚು ಮಡಿಸಿ, ಎಡಭುಜಕ್ಕೆ ಏರಿಸಿ, ಎದೆಯ ಹತ್ತಿರ ತುದಿ ಸಿಕ್ಕಿಸುವಾಗ ಅವನ ಕಣ್ಣು ತನ್ನ ಮುಂಗುರುಳ ಮೇಲಿರುವುದು ಗೊತ್ತಾಯಿತು. ಬೆರಳುಗಳು ಸ್ವಲ್ಪ ತಡವರಿಸಿದವು. ಕಂಬಳಿ ಸಿಕ್ಕಿಸುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ ಎಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು.

"ನಾಳೆಗಾದರೂ ಕಲಿಯಿರಿ," ಎಂದಳು ಮರಾಠಿಯಲ್ಲಿ.

"ಟೀಚರ್ ಇಷ್ಟು ಚೆನ್ನಾಗಿ ಹೊದಿಸುವಾಗ ನಾನೇಕೆ ಕಲಿಯಲಿ?" ಎಂದ ಅವನೂ ಮರಾಠಿಯಲ್ಲಿ.

ಛಾಯಾ ಸೋಲಾಪುರದ ಒಂದು ಶಾಲೆಯಲ್ಲಿ ಟೀಚರ್. ದೀಪಾವಳಿ ರಜೆಗೆ ಅಕ್ಕಲಕೋಟ ತಾಲೂಕಿನ ತನ್ನೂರು ಕರಜಗಿಗೆ ಬಂದಾಗ ಊರಲ್ಲಿ ಮರಾಠಿ ಸೀರಿಯಲ್ಲಿನ ಶೂಟಿಂಗ್ ಶುರುವಾಗಿತ್ತು. ಕ್ರೈಮ್ ಥ್ರಿಲ್ಲರ್. ಮುಂಬೈನ ಇನ್‌ಸ್ಪೆಕ್ಟರ್ ಒಬ್ಬ ಕಳ್ಳರ ಗುಂಪು ಹಿಡಿಯಲು ಕುರುಬನ ವೇಷದಲ್ಲಿ ಹಳ್ಳಿಗೆ ಬರುತ್ತಾನೆ. ಕುರುಬರ ಹುಡುಗಿಯನ್ನು ಪ್ರೀತಿಸುತ್ತಾನೆ, ಅವಳ ಬಾಯಿಂದಲೇ ಗುಟ್ಟು ಕೇಳಿಕೊಂಡು ಅವಳ ಅಣ್ಣನಿಗೇ ಬೇಡಿ ಹಾಕುತ್ತಾನೆ. ಛಾಯಾಳ ಅಪ್ಪನ ಕುರಿಗಳು ಸೀರಿಯಲ್ಲಿನ ಕುರಿಗಳಾದವು. ಹೀರೋನನ್ನು ಕುರುಬನ ಹಾಗೆ ನಡೆಸುವುದು, ಮಾತಾಡಿಸುವುದು ಛಾಯಾಳ ಕೆಲಸವಾಯಿತು.

ವಿಹಾನ್ ಪುಣೆಯವನಂತೆ. ಕನ್ನಡ ಒಂದಕ್ಷರವೂ ಬಾರದಂತೆ. ಹಾಗೆಂದು ಮೊದಲ ದಿನ ಅವನೇ ಹೇಳಿದ್ದ. ಛಾಯಾಳಿಗೆ ಇದರಿಂದ ಎಂಥ ಅನುಕೂಲವಾಯಿತೆಂದರೆ, ಅವನನ್ನು ಎದುರಿಗೇ ಕೂರಿಸಿಕೊಂಡು ಸೋದರತ್ತೆ ಗುರುಬಾಯಿಯ ಜೊತೆ ಅವನ ಬಗ್ಗೆ ಏನು ಬೇಕಾದರೂ ಆಡಬಹುದಿತ್ತು.

"ಅತ್ತಿ, ಇವನ ಕಣ್ಣ ನೋಡು. ಕುರಿ ಸೈತ ಮೇಯೋದು ಬಿಟ್ಟು ನಿಲ್ತಾವ."

"ಕಣ್ಣ ಚೆಂದ ಅದಾವ, ಖರೇ. ಬುದ್ಧಿ ಟಗರಿಂದು. ಎಂಟ ದಿನ ಆತು, ಕಂಬಳಿ ಹೊದಿಲಾಕ ಬರವಲ್ದು!"

ಇಬ್ಬರೂ ನಗುತ್ತಿದ್ದರು. ವಿಹಾನ್ ಏನೂ ತಿಳಿಯದವನ ಹಾಗೆ ಡೈಲಾಗ್ ಶೀಟ್ ನೋಡುತ್ತಿದ್ದ.

ಒಂಬತ್ತನೆಯ ದಿನ ಮಧ್ಯಾಹ್ನ ಮೂವರೂ ಬೇವಿನ ಮರದ ಕೆಳಗೆ ಕುಳಿತು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಾಗ ಗುರುಬಾಯಿ ಕೇಳಿದಳು. "ವಳಸಂಗದ ಮಂದಿ ನೋಡಿ ಹೋದ್ರಲ್ಲ, ಏನಾತವ್ವಾ?"

"ಬ್ಯಾಡಂದೀನಿ, ಅತ್ತಿ. ಲಗ್ನದಾಗ ಬರೇ ರೈತ್ರು ಅಂತ ಹೇಳ್ರಿ, ಕುರಿ ಮಾತ ಎತ್ತಬ್ಯಾಡ್ರಿ ಅಂದ್ರು. ನಮ್ಮಪ್ಪ ಕುರಿ ಕಾದು ನನಗ ಸಾಲಿ ಕಲಿಸ್ಯಾನ. ಅದನ್ನ ಮುಚ್ಚಿಡೋ ಗಂಡ ನನಗ ಬ್ಯಾಡ."

"ಮತ್ತ ಎಂಥಾಂವ ಬೇಕು?"

ಛಾಯಾ ಓರೆಗಣ್ಣಿನಿಂದ ನೋಡಿದಳು. ಅವನು ರೊಟ್ಟಿಯ ಚೂರೊಂದನ್ನು ಪಕ್ಕದ ಟಗರಿಗೆ ತಿನ್ನಿಸುತ್ತಿದ್ದ.

"ಇಂವ ದೊಡ್ಡ ಊರಾಂವ. ಆದ್ರೂ ಕುರಿ ಮುಟ್ಟಾಕ ಹೇಸೂದಿಲ್ಲ ನೋಡು. ಅತ್ತಿ, ನಗಬ್ಯಾಡ... ಇಂವನ ಮ್ಯಾಲ ನನ್ನ ಮನಸಾಗೇತಿ."

ವಿಹಾನ್‌ಗೆ ಜೋರಾಗಿ ಕೆಮ್ಮು ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ನೀರಿನ ಚೊಂಬಿಗೆ ಕೈ ಚಾಚಿದ. ಚಟ್ನಿ ಖಾರವಾಯಿತೆಂದುಕೊಂಡು ಛಾಯಾ ಅವನಿಗೆ ಮೊಸರು ಬಡಿಸಿದಳು.

ಮರುದಿನ ಬೆಳಿಗ್ಗೆ ಛಾಯಾಳ ಅಪ್ಪ ಅಕ್ಕಲಕೋಟಕ್ಕೆ ಹೋಗಿದ್ದ. ಚೊಚ್ಚಲ ಕುರಿಯೊಂದು ಈದು, ಮರಿಯನ್ನು ಹತ್ತಿರ ಸೇರಿಸದೆ ಒದೆಯತೊಡಗಿತು. ಛಾಯಾ ಮರಿಯನ್ನು ಎತ್ತಿ ಎತ್ತಿ ಕೆಚ್ಚಲಿಗೆ ಹಿಡಿದರೂ ತಾಯಿ ದೂರ ಓಡುತ್ತಿತ್ತು. ಮರಿಯ ತಲೆ ಆಗಲೇ ವಾಲುತ್ತಿತ್ತು.

ಅರ್ಧ ಮೇಕಪ್ಪಿನಲ್ಲೇ ವಿಹಾನ್ ಓಡಿ ಬಂದ. ಕುರಿಯ ಕುತ್ತಿಗೆಯನ್ನು ಎರಡು ಮೊಣಕಾಲ ನಡುವೆ ಹಿಡಿದು, ಕೆಚ್ಚಲಿನಿಂದ ಅಂಗೈಗೆ ಹಾಲು ಹಿಂಡಿಕೊಂಡ. ಅದನ್ನು ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದ. ಉಳಿದದ್ದನ್ನು ತಾಯಿಯ ಮೂಗಿಗೆ ಒರೆಸಿದ. ಎಲ್ಲವೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಆಮೇಲೆ ಬಗ್ಗಿ, ಕುರಿಯ ಕಿವಿಯಲ್ಲಿ ಹೇಳಿದ.

"ನಿಂದೇ ಮರಿ ಐತಿ, ನನ್ನವ್ವಾ. ಹೆದರಬ್ಯಾಡ. ಮೂಸಿ ನೋಡು."

ಕುರಿ ಮೂಸಿತು. ಮತ್ತೆ ಮೂಸಿತು. ನಾಲಗೆ ಚಾಚಿ ಮರಿಯ ಬೆನ್ನು ನೆಕ್ಕತೊಡಗಿತು.

ಅವನು ನಗುತ್ತ ತಲೆ ಎತ್ತಿದ. ಛಾಯಾಳ ಮುಖ ನೋಡಿದ ಕೂಡಲೇ ನಗು ನಿಂತುಹೋಯಿತು.

"ಏನಂದ್ರಿ ಈಗ?" ಎಂದಳು ಛಾಯಾ, ಕನ್ನಡದಲ್ಲಿ.

ಅವನು ಮರಿಯನ್ನು ಕೆಚ್ಚಲಿಗೆ ಹಿಡಿದ. ಈ ವಿದ್ಯೆ ಪುಣೆಯ ಯಾವ ನಾಟಕ ಶಾಲೆಯಲ್ಲೂ ಕಲಿಸುವುದಿಲ್ಲ. ಕುರಿಯ ಹಿಂದೆ ಹುಟ್ಟಿ ಬೆಳೆದವನ ಕೈಗೆ ಮಾತ್ರ ಬರುತ್ತದೆ.

"ಯಾರ ನೀವು?"

"ಅಮೋಗಸಿದ್ಧ," ಎಂದ ಮೆಲ್ಲಗೆ. "ತಡವಳದಾಂವ. ನಮ್ಮದೂ ಕುರೀನ."

ತಡವಳವೆಂದರೆ ಇದೇ ಅಕ್ಕಲಕೋಟ ತಾಲೂಕು. ಛಾಯಾಳಿಗೆ ಒಂದೊಂದೇ ಮಾತು ನೆನಪಾಯಿತು. ಕಣ್ಣಿನ ಮಾತು, ಟಗರಿನ ಮಾತು, ಕೊನೆಗೆ ನಿನ್ನೆಯ ಮಾತು. ಕಿವಿಯ ತುದಿಯವರೆಗೂ ಮುಖ ಬಿಸಿಯಾಯಿತು.

"ಎಲ್ಲಾ ಕೇಳಿಸ್ಕೊಂಡ್ರಿ?"

"ಎಲ್ಲಾ."

"ಕಂಬಳಿ ಹೊದಿಲಾಕ ಬರ್ತಿತ್ತು?"

"ಆರು ವರ್ಷದಾಂವ ಇದ್ದಾಗಿಂದ," ಎಂದು ತಲೆ ತಗ್ಗಿಸಿದ. "ಖರೇ ಮಾತ ಹೇಳಬೇಕಂತಿದ್ದೆ, ಟೀಚರ್. ನೀವು ಕಣ್ಣಿನ ಮಾತ ಅಂದ್ರಿ. ಮತ್ತೊಂದ್ಸಲ ಕೇಳೂ ಆಸೆ ಆತು. ನಿನ್ನೆ ವಳಸಂಗದ ಮಾತ ಕೇಳಿದ ಮ್ಯಾಲ ಬಾಯಿ ತೆಗಿಯಾಕ ಧೈರ್ಯ ಆಗ್ಲಿಲ್ಲ. ಸೋಲಾಪುರದ ಹಾಸ್ಟೆಲ್‌ನ್ಯಾಗ ಹುಡುಗ್ರು ನನ್ನ ನೋಡಿ ಮೂಗ ಮುಚ್ಕೋತಿದ್ರು, ಕುರಿ ವಾಸನಿ ಅಂತ. ಮುಂಬೈದಾಗ ಊರ ಕೇಳಿದ್ರು, ಪುಣೆ ಅಂದೆ. ಹೆಸರ ಕೇಳಿದ್ರು, ವಿಹಾನ್ ಅಂದೆ. ಆಮ್ಯಾಲ ಹಿಂದ ಬರಾಕ ದಾರಿನೇ ಕಾಣಲಿಲ್ಲ."

ಛಾಯಾಳ ಮನಸ್ಸು ಒಂದು ಗಳಿಗೆ ಕರಗಿತು. ಆಮೇಲೆ ಕೇಳಿದಳು. "ಮನ್ಯಾಗ ಯಾರದಾರ?"

"ಅವ್ವ. ಸೋಮವ್ವ. ಟಿವಿಯಾಗ ನನ್ನ ನೋಡ್ತಾಳ."

"ಮಂದಿಗೆ ಹೇಳ್ತಾಳ, ನನ್ನ ಮಗ ಅಂತ?"

"ಹೇಳಬ್ಯಾಡ ಅಂದೀನಿ."

"ಹತ್ತ ದಿನ ಇಲ್ಲೇ ಇದ್ದೀರಿ. ತಡವಳ ಅಲ್ಲೇ ಐತಿ. ಒಂದ್ಸಲನಾದ್ರೂ ಹೋಗಿದ್ರೇನು?"

ಅವನು ಇಲ್ಲವೆಂದು ತಲೆಯಾಡಿಸಿದ. ಛಾಯಾಳಿಗೆ ಅಳು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ಬಂತು. "ನನ್ನ ಮಾತ ಕದ್ದು ಕೇಳಿದ್ದು ಇರ್ಲಿ. ಹಡದ ತಾಯಿ ಬಾಯಿ ಮುಚ್ಚಿಸೀರಲ್ಲ! ವಳಸಂಗದಾಂವ ನಿಮಗಿಂತ ಛಲೋ. ಅಂವ ಮೊದ್ಲೇ ಬಾಯಿ ಬಿಟ್ಟು ಹೇಳಿದ." ಹಾಗೆಂದವಳೇ ತಿರುಗಿ ನೋಡದೆ ಮನೆಗೆ ಹೋದಳು.

ಎರಡು ದಿನ ಶೂಟಿಂಗ್ ಕಡೆ ಹೆಜ್ಜೆ ಹಾಕಲಿಲ್ಲ. ಮೂರನೆಯ ದಿನ ಡೈರೆಕ್ಟರ್ ಮ್ಯಾಡಮ್ ಫೋನ್ ಮಾಡಿದಳು. ಕೊನೆಯ ಸೀನ್ ಸೋಲಾಪುರದ ಮುಚ್ಚಿದ ಮಿಲ್ಲೊಂದರ ಅಂಗಳದಲ್ಲಿ. ಹೀರೋಯಿನ್ ತನ್ನ ಪಾಲಿನ ಶಾಟ್ ಮುಗಿಸಿ ಮುಂಬೈಗೆ ಹೋಗಿಬಿಟ್ಟಿದ್ದಾಳೆ. ಹೀರೋನ ಕ್ಲೋಸಪ್ ಉಳಿದಿದೆ. ಕ್ಯಾಮೆರಾ ಪಕ್ಕದಲ್ಲಿ ನಿಂತು ಅವಳ ಮಾತುಗಳನ್ನು ಹೇಳಲು ಒಬ್ಬರು ಬೇಕು, ಆ ಮಾತುಗಳು ಕನ್ನಡದಲ್ಲಿವೆ.

ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವವಳಲ್ಲ ಛಾಯಾ. ಹಾಗೆಂದು ಅತ್ತೆಯ ಮುಂದೆ ಹೇಳಿದಳು. ಎದೆ ಬೇರೆಯೇ ಹೇಳುತ್ತಿತ್ತು, ಅದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಮಿಲ್ಲಿನ ಅಂಗಳದಲ್ಲಿ ಎತ್ತರದ ಚಿಮಣಿಯ ನೆರಳು ಉದ್ದಕ್ಕೆ ಬಿದ್ದಿತ್ತು. ಅವನು ಕಂಬಳಿ ಹೊದ್ದು ನಿಂತಿದ್ದ. ತಾನೇ ಹೊದ್ದುಕೊಂಡಿದ್ದ, ಎಡಭುಜದ ಮೇಲೆ, ಒಂದು ಮಡಿಕೆಯೂ ಹೆಚ್ಚುಕಡಿಮೆಯಿಲ್ಲದೆ. ಅದನ್ನು ನೋಡಿ ಛಾಯಾಳಿಗೆ ಯಾಕೋ ಬೇಸರವೇ ಆಯಿತು.

ಇನ್‌ಸ್ಪೆಕ್ಟರನ ಗುಟ್ಟು ಬಯಲಾಗುವ ಸೀನ್ ಅದು. ಹುಡುಗಿ ಕೇಳಬೇಕು, ಅವನು "ಇನ್‌ಸ್ಪೆಕ್ಟರ್ ರಣವೀರ" ಎನ್ನಬೇಕು.

"ಆ್ಯಕ್ಷನ್!"

ಛಾಯಾ ಕಾಗದ ನೋಡಿ ಓದಿದಳು. "ನನ್ನ ಜೋಡಿ ನಕ್ಕಿ, ನನ್ನ ಕೈಯಾನ ರೊಟ್ಟಿ ತಿಂದಿ. ಎಲ್ಲಾ ಸುಳ್ಳ?" ಓದುತ್ತ ಓದುತ್ತ ಕಾಗದ ಕೆಳಗಿಳಿಯಿತು. ಅವನ ಕಣ್ಣನ್ನೇ ನೋಡಿ ಕೇಳಿದಳು. "ನಿನ್ನ ಖರೇ ಹೆಸರ ಏನು?"

ಅವನು ಒಂದು ಹೆಜ್ಜೆ ಮುಂದೆ ಬಂದ.

"ಅಮೋಗಸಿದ್ಧ. ತಡವಳದ ಸೋಮವ್ವನ ಮಗ. ಕುರಿ ಕಾಯೋರ ಮನಿ ಹುಡುಗ. ನಕ್ಕಿದ್ದು ಸುಳ್ಳಲ್ಲ, ಛಾಯಾ. ರೊಟ್ಟಿ ತಿಂದಿದ್ದೂ ಸುಳ್ಳಲ್ಲ."

"ಕಟ್!" ಎಂದು ಮ್ಯಾಡಮ್ ಕೂಗಿದಳು. "ಯಾರಿದು ಅಮೋಗಸಿದ್ಧ? ಯಾರಿದು ಛಾಯಾ? ಸ್ಕ್ರಿಪ್ಟಿನಲ್ಲಿ ಇಲ್ಲವಲ್ಲ!"

"ಅಮೋಗಸಿದ್ಧ ಅಂದರೆ ನಾನು, ಮ್ಯಾಡಮ್," ಎಂದ ಅವನು ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ. "ನಾನು ಪುಣೆಯವನಲ್ಲ. ಸೀರಿಯಲ್ಲಿನ ಹೆಸರಿನ ಪಟ್ಟಿಯಲ್ಲಿ ಇದೇ ಹೆಸರು ಹಾಕಿ."

ಲೈಟಿನವರು, ಮೇಕಪ್ಪಿನವರು ಎಲ್ಲ ಮುಖಮುಖ ನೋಡಿಕೊಂಡರು. ಮ್ಯಾಡಮ್ ಹಣೆಗೆ ಕೈ ಹಚ್ಚಿದಳು. "ಹೆಸರಿನದು ಆಮೇಲೆ ಮಾತಾಡೋಣ. ಈಗ ಬೆಳಕು ಹೋಗುತ್ತಿದೆ, ದಯವಿಟ್ಟು ರಣವೀರ ಎನ್ನಪ್ಪಾ!"

ಎರಡನೆಯ ಟೇಕಿನಲ್ಲಿ ಅವನು ರಣವೀರ ಎಂದ. ಬಹಳ ಚೆನ್ನಾಗಿ ಸುಳ್ಳು ಹೇಳಿದ. ಛಾಯಾ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಕ್ಯಾಮೆರಾದವನಿಗೂ ತಿಳಿಯಲಿಲ್ಲ.

ಶೂಟಿಂಗ್ ಮುಗಿದ ಮೇಲೆ ಅವನು ಚೀಲ ಹೆಗಲಿಗೇರಿಸಿ ಗೇಟಿನ ಹತ್ತಿರ ನಿಂತಿದ್ದ.

"ಎಲ್ಲಿಗೆ?" ಎಂದಳು, ಬೇರೆ ಕಡೆ ನೋಡುತ್ತ.

"ತಡವಳಕ್ಕ. ಯಾರ್ಯಾರಿಗೆ ಹೇಳಬೇಕಂತಿ, ಎಲ್ಲಾರಿಗೂ ಹೇಳು ಅಂತ ಅವ್ವಗ ಹೇಳಬೇಕು. ನೀವೂ ಅಕ್ಕಲಕೋಟದ ಬಸ್ಸಿಗೇ ಹೋಗೋರಲ್ಲ?"

"ಬಸ್ಸು ನಿಮ್ಮ ಅಪ್ಪಂದಲ್ಲ. ಯಾರರೇ ಹತ್ತಬಹುದು."

ಎಸ್‌ಟಿ ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕುಳಿತಳು. ಪಕ್ಕದಲ್ಲಿ ಅವನು, ನಡುವೆ ಒಂದು ಗೇಣು ಜಾಗ. ವಳಸಂಗದಲ್ಲಿ ಬುಟ್ಟಿ ಹಿಡಿದ ಮುದುಕಿಯೊಬ್ಬಳು ಹತ್ತಿ ಎದುರು ಸೀಟಿನಲ್ಲಿ ಕುಳಿತಳು. ಅವನನ್ನೇ ದಿಟ್ಟಿಸಿ ನೋಡಿದಳು.

"ಏ ತಮ್ಮಾ, ಟಿವಿಯಾಗ ಬರ್ತಿ ಅಲ್ಲ ನೀ? ಪುಣೆದಾಂವ?"

ಬಸ್ಸಿನ ನಾಲ್ಕಾರು ತಲೆಗಳು ಇತ್ತ ತಿರುಗಿದವು. ಛಾಯಾ ಉಸಿರು ಹಿಡಿದಳು.

"ಟಿವಿಯಾಗ ಬರ್ತೀನಿ, ಆಯಿ. ಪುಣೆದಾಂವ ಅಲ್ಲ. ತಡವಳದಾಂವ."

"ತಡವಳದಾಗ ಯಾರ ಮಗ?"

"ಸೋಮವ್ವನ ಮಗ."

"ಯಾವ ಸೋಮವ್ವ? ಕುರಿ ಸೋಮವ್ವ?"

"ಹೌದು, ಕುರಿ ಸೋಮವ್ವನ ಮಗಾನ," ಎಂದ ಅವನು. ದನಿ ದೊಡ್ಡದಾಗಿಯೇ ಇತ್ತು.

ಮುದುಕಿ ಕೈ ತಟ್ಟಿದಳು. "ಅಯ್ಯ ನನ ಶಿವನ! ಆಕಿ ಅಕ್ಕಲಕೋಟದ ಬಜಾರದಾಗ ಸಿಕ್ಕಾಗೆಲ್ಲ ಟಿವಿ ಅಂಗಡಿ ಮುಂದ ನಿಂತು ನಿನ್ನ ನೋಡ್ತಾಳ. ಏನ ಸೋಮವ್ವಾ ಅಂದ್ರ, ಆ ಹುಡುಗ ಛಲೋ ಮಾಡ್ತಾನ ಅಷ್ಟ, ಅಂತಾಳ. ಒಂದ ದಿನಾನೂ ಬಾಯಿ ಬಿಟ್ಟಿಲ್ಲ!"

ಅವನು ಮುಖ ತಗ್ಗಿಸಿದ. ಕಣ್ಣೀರು ಅಂಗೈ ಮೇಲೆ ಬಿತ್ತು, ಒರೆಸಿಕೊಳ್ಳಲೂ ಇಲ್ಲ. ಛಾಯಾ ಗೇಣು ಜಾಗ ದಾಟಿ ಹತ್ತಿರ ಸರಿದಳು. ತನ್ನ ದುಪಟ್ಟಾದ ಅಂಚನ್ನು ಅವನ ಕೈಗಿಟ್ಟಳು.

ಬಸ್ಸು ಹೊರಟಿತು. ಎರಡೂ ಕಡೆ ಜೋಳದ ಹೊಲಗಳು ಸಂಜೆಯ ಬಿಸಿಲಿನಲ್ಲಿ ಹಸಿರಾಗಿದ್ದವು. ಛಾಯಾ ಕಿಟಕಿಯಾಚೆ ನೋಡುತ್ತ, ತನಗೆ ತಾನೇ ಎಂಬಂತೆ ಹೇಳಿದಳು.

"ಇಂವನ ಮ್ಯಾಲ ನನ್ನ ಮನಸಾಗೇತಿ."

ಅವನು ತಲೆ ಎತ್ತಿದ. ಒದ್ದೆ ಕಣ್ಣಲ್ಲೇ ತುಂಟತನ ಮಿನುಗಿತು.

"ಕಾಯ್ ಮ್ಹಣಾಲಾತ್, ಟೀಚರ್? ಏನು ಹೇಳಿದಿರಿ?" ಎಂದ, ಅಪ್ಪಟ ಪುಣೆಯ ಮರಾಠಿಯಲ್ಲಿ. "ನನಗೆ ಕನ್ನಡ ಬರುವುದಿಲ್ಲವಲ್ಲ."

ಛಾಯಾ ಅವನ ತೋಳನ್ನು ಚಿವುಟಿದಳು. ಆಮೇಲೆ ಅವನ ಕಡೆಗೆ ತಿರುಗಿ, ಮುಖ ನೋಡಿ, ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.