ಎಂಟು ಬೋಲ್ಟಿನ ಉಂಡೆ

ಧಡ್! ಚೋಟು ಎರಡೂ ಕಾಲು ಜೋಡಿಸಿ ರಟ್ಟಿನ ಡಬ್ಬದ ಮೇಲೆ ಹಾರಿದಳು. ಡಬ್ಬ ಅಪ್ಪಚ್ಚಿಯಾಯಿತು. ಇದು ಹದಿನೇಳನೆಯದು.

ಹೊಸ ಮನೆಗೆ ಬಂದು ಮೂರು ದಿನವಾಗಿತ್ತು. ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಡಬ್ಬ, ಥರ್ಮಾಕೋಲು, ಕಿತ್ತ ಟೇಪು, ಮುದುರಿದ ಪೇಪರು. ಅಪ್ಪ ಚೋಟುವನ್ನು ‘ಕಸದ ಮ್ಯಾನೇಜರ್’ ಮಾಡಿದ್ದರು. ಖಾಲಿ ಡಬ್ಬ ಮಡಚಬೇಕು, ಪೇಪರನ್ನು ಚೀಲಕ್ಕೆ ತುಂಬಬೇಕು, ಹತ್ತು ಗಂಟೆಗೆ ಗುಜರಿ ಅಂಕಲ್ ಬಂದಾಗ ಎಲ್ಲ ಕೊಟ್ಟು ಕಳಿಸಬೇಕು. ನಾಲ್ಕನೇ ಕ್ಲಾಸಿನ ಹುಡುಗಿಗೆ ಇದಕ್ಕಿಂತ ದೊಡ್ಡ ಪೋಸ್ಟ್ ಬೇಕೇ?

ಡಬ್ಬದ ಕೆಲಸ ಮಜಾ. ಪೇಪರಿನ ಕೆಲಸ ಮಾತ್ರ ಮಹಾ ಬೋರು. ಯಾಕೆಂದರೆ ಸಣ್ಣಪುಟ್ಟ ಸಾಮಾನೆಲ್ಲ ಕಟ್ಟಿದ್ದು ಅಜ್ಜಿ. ಅಜ್ಜಿಯ ರೀತಿಯೇ ಬೇರೆ. ಒಂದೊಂದು ಚಮಚಕ್ಕೂ ಒಂದೊಂದು ಪೇಪರು. ಬಾಚಣಿಗೆಗೊಂದು, ಸೋಪಿನ ಡಬ್ಬಿಗೊಂದು, ಅದರ ಮುಚ್ಚಳಕ್ಕೆ ಇನ್ನೊಂದು. ಸುತ್ತಿ ಸುತ್ತಿ ಎಲ್ಲವನ್ನೂ ಉಂಡೆ ಮಾಡಿಬಿಟ್ಟಿದ್ದರು. ಬಿಚ್ಚಿ ಎಸೆದ ಪೇಪರೂ ಉಂಡೆ, ಇನ್ನೂ ಬಿಚ್ಚದ ಸಾಮಾನೂ ಉಂಡೆ. ಅದಕ್ಕೇ ಒಂದೊಂದನ್ನೂ ಬಿಡಿಸಿ ನೋಡಿ ಚೀಲಕ್ಕೆ ಹಾಕು ಅಂತ ಅಜ್ಜಿ ಎರಡೆರಡು ಸಲ ಹೇಳಿದ್ದರು.

ಚೋಟು ನಲವತ್ತು ಉಂಡೆ ಬಿಡಿಸಿದಳು. ನಲವತ್ತೂ ಖಾಲಿ. ಥೂ, ಇದು ಮುಗಿಯೋ ಕೆಲಸವಲ್ಲ ಎಂದುಕೊಂಡು, ಉಳಿದದ್ದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಬಾಚಿ ಚೀಲಗಳಿಗೆ ಸುರಿದಳು. ಒಂದು ಉಂಡೆ ಮಾತ್ರ ತಳಕ್ಕೆ ದೊಪ್ಪೆಂದು ಬಿತ್ತು. ಸದ್ದು ಕೇಳಿಸಿತು. ತೆಗೆದು ನೋಡೋಣ ಅಂದುಕೊಳ್ಳುವಷ್ಟರಲ್ಲಿ ಬೆಲ್ ಆಯಿತು. ಗುಜರಿ ಅಂಕಲ್ ಬಂದೇಬಿಟ್ಟಿದ್ದರು. ಅವರು ಚೀಲ, ಡಬ್ಬ ಎಲ್ಲ ಗಾಡಿಗೆ ಹೇರಿಕೊಂಡು, ಕಾಲು ಮುರಿದ ಸೋಫಾ, ಅಲ್ಲಾಡುವ ಟೀವಿ ಸ್ಟ್ಯಾಂಡು ಒಯ್ಯಲು ನಾಲ್ಕು ಗಂಟೆಗೆ ಮತ್ತೆ ಬರುತ್ತೇನೆ ಎಂದು ಹೋದರು.

ಊಟವಾದ ಮೇಲೆ ಅಪ್ಪ ಅಜ್ಜಿಯ ಮಂಚ ಜೋಡಿಸಲು ಕೂತರು. ಮೂರು ದಿನದಿಂದ ಅಜ್ಜಿ ನೆಲದ ಮೇಲೆ ಮಲಗುತ್ತಿದ್ದರು. ಮಂಡಿನೋವು ಬೇರೆ. ಬೆಳಿಗ್ಗೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು.

ಹಲಗೆ ಇದೆ, ಕಾಲು ಇದೆ, ಎಂಟು ಬೋಲ್ಟು ಇಲ್ಲ. ಸದ್ದು ಮಾಡಬಾರದು ಅಂತ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಪೇಪರ್ ಸುತ್ತಿ, ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ ಎಂದರು ಅಜ್ಜಿ. ಅಪ್ಪ ಹುಡುಕಿದರು. ಅಮ್ಮ ಹುಡುಕಿದರು. ಇಸ್ತ್ರಿಪೆಟ್ಟಿಗೆ ಇತ್ತು, ಬೋಲ್ಟು ಇರಲಿಲ್ಲ.

ಚೋಟುಗೆ ತಟ್ಟನೆ ನೆನಪಾಯಿತು. ದೊಪ್ಪೆಂದು ಬಿದ್ದ ಉಂಡೆ!

ಹಳೇ ಮನೆಯ ಕಿಟಕಿಯಲ್ಲೇ ಬಿಟ್ಟು ಬಂದಿರಬೇಕು ಬಿಡಮ್ಮ ಅಂದರು ಅಪ್ಪ. ಮೊನ್ನೆ ಅಜ್ಜಿ ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದನ್ನು ಅಮ್ಮ ನೆನಪಿಸಿದರು. ಇಬ್ಬರೂ ನಕ್ಕರು. ಅಜ್ಜಿ ನಗಲಿಲ್ಲ.

“ಇರಬಹುದಪ್ಪ” ಅಂದರು ಸಣ್ಣ ದನಿಯಲ್ಲಿ. “ಈಚೆಗೆ ನನಗೆ ಮರೆವು ಜಾಸ್ತಿ.”

ಇಷ್ಟು ಉದ್ದದ ಬೋಲ್ಟು ಈಗ ಸಿಗುವುದಿಲ್ಲ, ನಾಲ್ಕು ಗಂಟೆಗೆ ಸೋಫಾ ಜೊತೆ ಮಂಚವನ್ನೂ ಕೊಟ್ಟುಬಿಡೋಣ, ಮುಂದಿನ ವಾರ ಹೊಸದು ತರೋಣ ಎಂದು ಅಪ್ಪ ತೀರ್ಮಾನಿಸಿದರು. ಅಜ್ಜಿ ಹಲಗೆಯ ಮೇಲೊಮ್ಮೆ ಕೈಯಾಡಿಸಿ, ಹೂಂ ಎಂದು ತಮ್ಮ ರೂಮಿಗೆ ಹೋದರು.

ಚೋಟು ಲೆಕ್ಕ ಹಾಕಿದಳು. ಹೇಳಿದರೆ ಬೈಗುಳ ಗ್ಯಾರಂಟಿ, ಮ್ಯಾನೇಜರ್ ಪೋಸ್ಟೂ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸ ಮಂಚ ಬಂದರೆ ಒಳ್ಳೆಯದೇ ಅಲ್ಲವಾ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೂ ಕಾಲು ಅಜ್ಜಿಯ ರೂಮಿನ ಕಡೆಗೇ ಎಳೆಯಿತು.

ಅಜ್ಜಿ ಒಂದು ನೋಟ್‌ಬುಕ್ ಹಿಡಿದು ಕೂತಿದ್ದರು. ಚೋಟು ಬಗ್ಗಿ ನೋಡಿದಳು. ‘ಮಾತ್ರೆ, ಕಪಾಟಿನ ಮೇಲೆ. ಕೊಡೆ, ಬಾಗಿಲ ಹಿಂದೆ. ಕತ್ತರಿ, ಅಡುಗೆಮನೆ.’ ಹೀಗೇ ಅರ್ಧ ಪುಟ.

“ಏನಜ್ಜಿ ಇದು?”

“ಮರೆತುಹೋಗುತ್ತಲ್ಲ ಕಂದಾ, ಅದಕ್ಕೇ ಬರೆದಿಟ್ಟುಕೊಳ್ತಿದ್ದೀನಿ.”

ಮನೆಯಲ್ಲಿ ಯಾರ ಸಾಮಾನು ಎಲ್ಲಿದೆ ಅಂತ ಕೂತಲ್ಲೇ ಹೇಳುತ್ತಿದ್ದ ಅಜ್ಜಿ! ಚೋಟುಗೆ ತಡೆಯಲಾಗಲಿಲ್ಲ.

“ನೀನು ಮರೆತಿಲ್ಲ ಅಜ್ಜಿ. ನಾನೇ ಎಸೆದುಬಿಟ್ಟೆ. ಬಿಡಿಸಿ ನೋಡದೆ ಚೀಲಕ್ಕೆ ಹಾಕಿದೆ.” ಅಳು ಬಂದೇಬಿಟ್ಟಿತು.

ಅಜ್ಜಿ ಅವಳನ್ನೇ ನೋಡಿದರು. “ಅಂದ್ರೆ, ನಾನು ಸುತ್ತಿಟ್ಟಿದ್ದು ನಿಜ ತಾನೇ?”

“ಹೂಂ.”

ಅಜ್ಜಿ ನೋಟ್‌ಬುಕ್ ಮುಚ್ಚಿದರು. ಗೋಡೆ ಹಿಡಿದು ತಾವೇ ಎದ್ದರು, ಚಪ್ಪಲಿ ಮೆಟ್ಟಿಕೊಂಡರು. “ನಡಿ, ಗುಜರಿ ಅಂಗಡಿ ಇಲ್ಲೇ ಎರಡು ಬೀದಿ ಆಚೆ. ನಿಮ್ಮಪ್ಪನ್ನೂ ಕರಿ” ಅಂದರು.

ದಾರಿಯುದ್ದಕ್ಕೂ ಅಪ್ಪ ಬೈದರು. ಚೋಟು ಬೈಸಿಕೊಂಡಳು. ಅಜ್ಜಿ ಅವಳ ಹೆಗಲು ಹಿಡಿದು ನಿಧಾನವಾಗಿ ನಡೆದರು.

ಗುಜರಿ ಅಂಗಡಿಯ ಮುಂದೆ ಪೇಪರಿನ ಗುಡ್ಡವೇ ಇತ್ತು. ಪುಣ್ಯಕ್ಕೆ ಇವರ ಚೀಲಗಳನ್ನು ಇನ್ನೂ ಬಿಚ್ಚಿರಲಿಲ್ಲ. ಅಂಕಲ್ ಅಜ್ಜಿಗೊಂದು ಹಳೇ ಕುರ್ಚಿ ಎಳೆದು ಕೊಟ್ಟು, ಚೀಲಗಳನ್ನು ನೆಲಕ್ಕೆ ಸುರಿದರು. ಚೋಟು ಕೂತು ಒಂದೊಂದೇ ಉಂಡೆ ಬಿಡಿಸಿದಳು. ಅಪ್ಪ ಸಹಾಯಕ್ಕೆ ಬಂದರೆ ಬೇಡ ಅಂದಳು. ಕೈಯೆಲ್ಲ ಕಪ್ಪಾಯಿತು. ಮೊದಲ ಚೀಲದಲ್ಲಿ ಏನೂ ಸಿಗಲಿಲ್ಲ. ಎರಡನೆಯದು ಮುಗಿಯುತ್ತಾ ಬಂದಾಗ ಒಂದು ಉಂಡೆ ಕೈಗೆ ಭಾರವಾಯಿತು. ಒಳಗೆ ಬಟ್ಟೆಯ ಗಂಟು. ಗಂಟಿನೊಳಗೆ ಎಂಟು ಬೋಲ್ಟು, ಜೊತೆಗೆ ಎಂಟು ನಟ್ಟು.

ಅಪ್ಪ ತಲೆ ಕೆರೆದುಕೊಂಡು, “ತಪ್ಪಾಯ್ತಮ್ಮ, ನಿನ್ನ ಮಾತು ಕೇಳಬೇಕಿತ್ತು” ಅಂದರು.

ನಾಲ್ಕು ಗಂಟೆಗೆ ಸೋಫಾ ಹೋಯಿತು, ಸ್ಟ್ಯಾಂಡು ಹೋಯಿತು. ಮಂಚ ಕಿಟಕಿಯ ಪಕ್ಕ ನಿಂತಿತು. ಹಾಸಿಗೆಯ ಹೊದಿಕೆ ಎಲ್ಲಿದೆಯೋ ಎಂದು ಅಮ್ಮ ತಡಕಾಡುತ್ತಿದ್ದರು.

“ಹಸಿರು ಬ್ಯಾಗಿನಲ್ಲಿ, ಟವೆಲ್ ಕೆಳಗೆ” ಎಂದು ಅಜ್ಜಿ ಮಂಚದ ಮೇಲಿಂದಲೇ ಕೂಗಿದರು. ಅಲ್ಲೇ ಇತ್ತು.

ದನಿ ಮೊದಲಿನಷ್ಟೇ ಜೋರಾಗಿತ್ತು. ಬೋಲ್ಟು ಸಿಕ್ಕಿದ್ದಕ್ಕೆ ಹೀಗಾಯಿತು ಅಂತ ಅಪ್ಪ ಅಮ್ಮ ಅಂದುಕೊಂಡರು. ಚೋಟುಗೆ ಮಾತ್ರ ಗೊತ್ತಿತ್ತು. ಬೋಲ್ಟು ಸಿಗುವುದಕ್ಕೆ ಎಷ್ಟೋ ಮೊದಲು, ಚಪ್ಪಲಿ ಮೆಟ್ಟಿ “ನಡಿ” ಅಂದಾಗಲೇ ಆ ದನಿ ವಾಪಸ್ ಬಂದಿತ್ತು.