ಸಾವಿರಕ್ಕೆ ಒಂದು ಗಿಣಿ ಕಮ್ಮಿ

ಯಾವ ರಾಜನ ಕಾಲ ಅಂತ ಕೇಳಬೇಡಿ. ಒಂದಾನೊಂದು ಕಾಲಕ್ಕಿಂತ ಇನ್ನೊಂಚೂರು ಹಿಂದೆ, ತಂಬಟೆಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲೊಂದು ಕಟ್ಟಳೆ. ಉಣ್ಣೋಕೆ ಕೂರೋ ಮುಂಚೆ ಮನೆಯವರಲ್ಲಿ ಒಬ್ಬರು ಬಾಗಿಲಿಗೆ ಬಂದು, ದಾರೀಲಿ ಹೋಗೋರನ್ನ "ಊಟ ಆಯ್ತಾ?" ಅಂತ ಕೇಳಬೇಕು. ಕೇಳಿಸಿಕೊಂಡೋರು ಸುಳ್ಳು ಹೇಳೋ ಹಂಗಿಲ್ಲ. ಹಸಿದಿದ್ರೆ "ಇಲ್ಲ" ಅನ್ನಲೇಬೇಕು, ಒಳಗೆ ಬಂದು ಉಣ್ಣಲೇಬೇಕು. ರಾಜ ಆದ್ರೂ ಅಷ್ಟೇ, ಕಳ್ಳ ಆದ್ರೂ ಅಷ್ಟೇ.

ಗಾಣದ ಮನೆ ಗವಿಯನಿಗೆ ಇದೆಲ್ಲ ಮುದುಕರ ಕೆಲಸ ಅನ್ನಿಸ್ತಿತ್ತು. ವಯಸ್ಸು ಹದಿನೆಂಟು. ಗುರುಕುಲದಿಂದ ಮೂರು ಸಲ ಓಡಿ ಬಂದು, ನಾಲ್ಕನೇ ಸಲ ಗುರುಗಳೇ ಕೈಮುಗಿದು ಮನೆಗೆ ಕಳಿಸಿದ ಆಸಾಮಿ. ಅವ್ವ ಸತ್ತ ಮೇಲೆ ಅಕ್ಕ ದೇವೀರಿ ಗಾಣ ತಿರುಗಿಸಿ ಅವನನ್ನ ಸಾಕ್ತಿದ್ಲು. ಬಾಗಿಲಲ್ಲಿ ನಿಂತು ಕೇಳೋ ಕೆಲಸಾನೂ ಅವಳದ್ದೇ. ಗವಿಯ ಹುಟ್ಟಿದಾಗಿಂದ ಒಬ್ಬರನ್ನೂ ಕೇಳಿದೋನಲ್ಲ.

ಒಂದಿನ ಊರಿಗೆ ಗಿಣಿಯಯ್ಯ ಅನ್ನೋ ಮಾಂತ್ರಿಕ ಬಂದ. ಬಾಯಿ ಅಂಗಿ ಕಾಜದಷ್ಟು, ಹೊಟ್ಟೆ ಮಾತ್ರ ಗುಡಾಣ. ಹಳೇ ಮಾಂತ್ರಿಕರು ಪೆದ್ದರು, ಪ್ರಾಣಾನ ಏಳು ಸಮುದ್ರದಾಚೆ ಒಂದೇ ಗಿಣೀಲಿ ಬಚ್ಚಿಟ್ಟು, ಯಾವನೋ ರಾಜಕುಮಾರ ಅದರ ಕತ್ತು ಹಿಸುಕಿದಾಗ ಸತ್ತುಹೋದ್ರು. ಇವನು ಹುಷಾರು. ಪ್ರಾಣಾನ ಸಾವಿರಾರು ಗಿಣಿಗಳಿಗೆ ಹಂಚಿ, ಆ ಗಿಣಿಗಳನ್ನ ಊರೂರ ಹುಡುಗರಿಗೆ ಪುಕ್ಕಟೆ ಹಂಚಿದ್ದ.

ತಂಬಟೆಕೋಟೆ ಹುಡುಗ ಹುಡುಗೀರಿಗೂ ತಲೆಗೊಂದು ಕೊಟ್ಟ. ನಿಮ್ಮ ಬಗ್ಗೆ ಇದರ ಹತ್ರ ಹೇಳ್ತಾ ಹೋಗಿ, ಹೇಳಿದಷ್ಟೂ ಗಿಣಿಗಳು ಹಾರಿ ಬಂದು ನಿಮ್ಮ ಮಾಳಿಗೆ ಮೇಲೆ ಕೂರ್ತಾವೆ, ನಿಮ್ಮ ಹೆಸರು ಕೂಗ್ತಾವೆ, ಸಾವಿರ ಆದೋರಿಗೆ ನನ್ನ ಬಿಳಿ ಅರಮನೇಲಿ ಸಿಂಹಾಸನ ಅಂದ.

"ಒಂದೇ ನೇಮ," ಅಂದ ಗಿಣಿಯಯ್ಯ. "ಗಿಣಿಗೆ ಹೇಳಿ. ಗಿಣೀನ ಏನೂ ಕೇಳಬೇಡಿ."

ಶುರುವಾಯ್ತು ನೋಡಿ. ಊರ ಮಾಳಿಗೆಗಳೆಲ್ಲ ಹಸಿರಾದ್ವು. ಎದುರಿಗೆ ಸಿಕ್ಕೋರು ಕ್ಷೇಮ ವಿಚಾರಿಸೋದು ಬಿಟ್ಟು "ನಿಂದೆಷ್ಟು?" ಅನ್ನೋಕೆ ಶುರು ಮಾಡಿದ್ರು. ಬಡಗಿ ಮನೆ ಚಿಕ್ಕೀರ, ಗವಿಯನ ಚಡ್ಡಿ ದೋಸ್ತ್, ಸದಾ ಎಡಗೈಲಿ ಕತ್ತು ಕೆರ್ಕೊಳ್ಳೋ ಹುಡುಗ, ಮೊದಲು ಸಾವಿರ ಮುಟ್ಟಿದ. ಒಂದು ಮಧ್ಯಾಹ್ನ ಮಾಯವಾದ. ಅರಮನೆಗೆ ಹೋದ, ಪುಣ್ಯವಂತ ಅಂತ ಊರೆಲ್ಲ ಮಾತಾಡ್ತು. ಗವಿಯನಿಗೆ ಹೊಟ್ಟೆ ಉರಿದುಹೋಯ್ತು.

ಅಕ್ಕನ ಸಾರಿಗೆ ಉಪ್ಪೇ ಇರಲ್ಲ ಅಂತ ಗಿಣಿಗಳ ಮುಂದೆ ಆಡ್ಕೊಂಡ. ನೂರು ಗಿಣಿ ಆದ್ವು. ಮಾರನೇ ದಿನ ಊಟಕ್ಕೆ ಕೂತು ಉಪ್ಪು ಕೇಳೋಣ ಅಂದ್ರೆ ಆ ಪದ ಬಾಯಿಗೆ ಬರಲೇ ಇಲ್ಲ. ನಾಲಿಗೆ ಬಿದ್ದೋಯ್ತಾ ಅಂತ ಅಕ್ಕ ನಕ್ಕಳು. ಮಾಳಿಗೆ ಮೇಲಿಂದ ಅವನದೇ ದನೀಲಿ ಗಿಣಿಯೊಂದು "ಉಪ್ಪು, ಉಪ್ಪು" ಅಂತಿತ್ತು.

ಸತ್ತ ಅವ್ವನ ಕತೆ ಹೇಳಿದ್ರೆ ಜಾಸ್ತಿ ಬರ್ತಾವೆ ಅಂತ ಗೊತ್ತಾಯ್ತು. ಅವಳ ಕೊನೇ ಗಳಿಗೇನೂ ಬಿಡದೆ, ಕಣ್ಣೀರು ಸೇರಿಸಿ ಹೇಳಿದ. ಐನೂರಾದ್ವು. ಸಂಜೆ ಅಕ್ಕ ಅವ್ವನ ಹೆಸರಲ್ಲಿ ದೀಪ ಹಚ್ಚಿದಾಗ "ಅವ್ವ" ಅನ್ನೋಕೆ ಹೋದ. ಬರೀ ಗಾಳಿ ಬಂತು. ನಿಲ್ಲಿಸಬೇಕು ಅನ್ನಿಸ್ತು. ಆದ್ರೆ ಐನೂರು ಕೊಕ್ಕು ಒಟ್ಟಿಗೆ "ಗವಿಯ, ಗವಿಯ" ಅಂದಾಗ ಯಾವನು ನಿಲ್ಲಿಸ್ತಾನೆ?

ಹಿಂಗೇ ತಿಂಗಳುಗಳು ಕಳೆದ್ವು. ಕೊನೆಗೆ ಉಳಿದಿದ್ದು ಅಕ್ಕನ ಗುಟ್ಟು. ಎತ್ತು ಕಟ್ಟೋ ನೆಪ ಮಾಡಿ ಅವಳು ಗಾಣದ ಹಿಂದೆ ನಿಂತು ಅಳ್ತಾಳೆ, ಅದನ್ನ ಇವನೊಬ್ಬನೇ ಕಂಡಿದ್ದ. ಅದನ್ನೂ ಹೇಳಿಬಿಟ್ಟ. ಒಂಬೈನೂರ ತೊಂಬತ್ತೊಂಬತ್ತು.

ಬೆಳಗಾಗೋ ಹೊತ್ತಿಗೆ ಮೊಣಕೈಲಿ ಹಸಿರು ಪುಕ್ಕ ಮೂಡಿತ್ತು. ತುಟಿ ಕೊಂಬಿನಂಗೆ ಗಟ್ಟಿಯಾಗಿತ್ತು. ಅಕ್ಕ ಅವನ ಮುಖ ಎರಡೂ ಕೈಲಿ ಹಿಡಿದು, "ಗವಿ, ನನ್ನ ಹೆಸರು ಹೇಳು ನೋಡೋಣ," ಅಂದ್ಲು. ಅವನು ಬಾಯಿ ತೆಗೆದ, ಮುಚ್ಚಿದ. ಅವಳ ಕಣ್ಣಲ್ಲಿದ್ದ ಹೆದರಿಕೆ ನೋಡೋಕಾಗದೆ ಮಾಳಿಗೆ ಹತ್ತಿ ಓಡಿದ.

ಮಟಮಟ ಮಧ್ಯಾಹ್ನ. ನೆರಳು ಕಾಲಡಿ ಸೇರೋ ಹೊತ್ತು. ಗಿಣಿಗಳೆಲ್ಲ ಒಟ್ಟಿಗೆ ಸುಮ್ಮನಾದ್ವು. ಏಣಿ ಕಿರ್ ಅಂತು. ಗಿಣಿಯಯ್ಯ ಹತ್ತಿ ಬರ್ತಿದ್ದ. ಅವನ ಬಾಯಿ ಮುಚ್ಚಿತ್ತು, ಹೊಟ್ಟೆ ಮಾತಾಡ್ತಿತ್ತು. ಒಳಗಿಂದ ಯಾರ್ಯಾರೋ ಅಳೋದು, ಚಿಕ್ಕೀರ ನಗೋದು, ಅದರ ನಡುವೆ ಗವಿಯನದೇ ದನೀಲಿ "ಅವ್ವ, ಅವ್ವ."

"ಸಾವಿರಕ್ಕೆ ಒಂದು ಕಮ್ಮಿ," ಅಂದ ಗಿಣಿಯಯ್ಯ. "ಆ ಒಂದು ನೀನೇ ಕಣಪ್ಪ."

ಗವಿಯನ ಕಾಲು ಸಣ್ಣಗಾಗ್ತಾ ಬಂತು. ಬೆರಳು ಮಡಚಿ ಉಗುರಾದ್ವು. ಆಗಲೇ ಅವನ ಕಣ್ಣಿಗೆ ಬಿತ್ತು, ಮುಂದಿನ ಸಾಲಲ್ಲಿ ಒಂದು ಗಿಣಿ ಎಡಗಾಲೆತ್ತಿ ಕತ್ತು ಕೆರ್ಕೊಳ್ತಿತ್ತು. ಪರಪರ ಅಂತ, ಚಿಕ್ಕೀರನ ಥರಾನೇ. ಅರಮನೆ ಇಲ್ಲ, ಸಿಂಹಾಸನ ಇಲ್ಲ. ಹೋದೋರೆಲ್ಲ ಇಲ್ಲೇ ಕೂತಿದ್ದಾರೆ, ಇನ್ನೊಬ್ಬನ ಮಾತು ತಿಂತಾ.

ಚಿಕ್ಕೀರನನ್ನ ಹೆಸರು ಹಿಡಿದು ಕೂಗೋಣ ಅಂದ್ರೆ ಆ ಹೆಸರು ಬಾಯಲ್ಲಿಲ್ಲ. ಕಾಪಾಡಿ ಅನ್ನೋಣ ಅಂದ್ರೆ ಅದೂ ಖರ್ಚಾಗಿತ್ತು. ಬಾಯೆಲ್ಲ ತಡಕಿದ. ಅಷ್ಟರಲ್ಲಿ ಕೆಳಗೆ ಬಾಗಿಲಲ್ಲಿ ಅಕ್ಕನ ದನಿ ಕೇಳಿಸ್ತು. ಮನೇಲಿ ಇಂಥಾ ಗತಿ ಬಂದ್ರೂ ಕಟ್ಟಳೆ ಬಿಡದೆ ದಾರಿಹೋಕರನ್ನ ಕೇಳ್ತಿದ್ಲು. ಅದನ್ನ ಕೇಳಿದ್ದೇ, ನಾಲಿಗೆ ಮೂಲೇಲಿ ಎರಡು ಪದ ಉಳಿದಿರೋದು ಗವಿಯನಿಗೆ ಗೊತ್ತಾಯ್ತು. ಯಾವತ್ತೂ ಯಾರನ್ನೂ ಕೇಳದೆ ಇದ್ದದ್ದಕ್ಕೆ ಉಳಿದುಕೊಂಡಿದ್ದ ಪದಗಳು. ಗಿಣಿ ಅವನ್ನೂ ತಿರುಗಿ ಹೇಳಿಬಿಟ್ರೆ ಅಲ್ಲಿಗೆ ಮುಗೀತು.

"ಊಟ," ಅಂದ. ಗಂಟಲು ಹರಿದಂಗಾಯ್ತು. "ಆಯ್ತಾ?"

ಗಿಣಿಯಯ್ಯನ ಮುಖ ಬಿಳಿಚಿಕೊಳ್ತು. ಕೇಳಬೇಡ ಅಂತ ಕೈ ಚಾಚಿದ. ಗಿಣಿ ಕತ್ತು ವಾಲಿಸಿ ಕೊಕ್ಕು ತೆಗೆಯಿತು. ತಂಬಟೆಕೋಟೇಲಿ ಹುಟ್ಟಿದ ಜೀವ, ಕೇಳಿದ ಮೇಲೆ ನಿಜ ಹೇಳಲೇಬೇಕು.

"ಇಲ್ಲ ಕಣೋ," ಅಂತು ಗಿಣಿ. "ಮೂರು ತಿಂಗಳಾಯ್ತು."

ತಿರುಗಿ ಹೇಳೋ ಗಿಣಿ ಉತ್ತರ ಕೊಟ್ಟಿದ್ದೇ ತಡ, ಪುಕ್ಕ ಉದುರಿ ಚಿಕ್ಕೀರ ಮಾಳಿಗೆ ಮೇಲೆ ದೊಪ್ ಅಂತ ಬಿದ್ದ, ಬರೀ ಮೈಲಿ. ನಾಚ್ಕೊಳ್ಳೋಕೆ ಪುರುಸೊತ್ತಿರಲಿಲ್ಲ. ಇಬ್ಬರೂ ಸೇರಿ ಪಕ್ಕದ ಗಿಣೀನ ಕೇಳಿದ್ರು, ಅದರ ಪಕ್ಕದ್ದನ್ನ ಕೇಳಿದ್ರು. ಒಂದೊಂದು "ಇಲ್ಲ"ಕ್ಕೂ ಗಿಣಿಯಯ್ಯನ ಹೊಟ್ಟೆ ಗೇಣುಗೇಣು ಇಳೀತು. ಬೀದಿಯವರೂ ತಂತಮ್ಮ ಮಾಳಿಗೆ ಹತ್ತಿ ಕೇಳೋಕೆ ಹಿಡಿದ್ರು. ಕಟ್ಟಕಡೇ ಗಿಣಿ ಉತ್ತರ ಕೊಟ್ಟಾಗ ಗಿಣಿಯಯ್ಯ ಇದ್ದ ಜಾಗದಲ್ಲಿ ಒಂದು ಖಾಲಿ ಅಂಗಿ ಬಿದ್ದಿತ್ತು. ಕಾಜ ಕೂಡ ಬಿಟ್ಟುಹೋಗಿತ್ತು.

ಗವಿಯನ ಪುಕ್ಕ ಉದುರಿ ಕೈಕಾಲು ಮೊದಲಿನಂಗಾದ್ವು, ಮಾತೆಲ್ಲ ವಾಪಸ್ ಬಂತು. ಮೊದಲು ಬಂದದ್ದು ಹೆಸರು. "ದೇವೀರಕ್ಕಾ," ಅಂತ ಗವಿಯ ಮಾಳಿಗೆಯಿಂದ ಬಗ್ಗಿ ಕೂಗಿದ. ಅಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡು ತಲೆಯೆತ್ತಿ, ಊಟಕ್ಕೆ ಎಷ್ಟು ಜನ ಅಂತ ಕೇಳಿದ್ಲು.

"ಒಂಬೈನೂರ ತೊಂಬತ್ತೊಂಬತ್ತು ಕಣಕ್ಕ."

ಅಕ್ಕ ಸೆರಗು ಸೊಂಟಕ್ಕೆ ಸಿಗಿಸಿದ್ಲು. "ಇಳಿದು ಬಾ ಕತ್ತೆ. ನೀರಿಡು," ಅಂದ್ಲು.

ಅವತ್ತಿಂದ ಗಾಣದ ಮನೆ ಬಾಗಿಲಲ್ಲಿ ನಿಂತು ಕೇಳೋನು ಗವಿಯನೇ. ಎಲ್ಲರೂ ಸುಖವಾಗಿದ್ರು. ಆ ಮಧ್ಯಾಹ್ನ ಮುದ್ದೆ ಸಾಲದೆ ಬಂದದ್ದು ಬಿಟ್ರೆ, ತಂಬಟೆಕೋಟೇಲಿ ಆಮೇಲೆ ಯಾರಿಗೂ ಏನೂ ಕಮ್ಮಿ ಆಗಲಿಲ್ಲ.