ಹಸಿರು ಹಗ್ಗದ ಕಟ್ಟು

"ಬಿಡು! ಅದನ್ನ ಮುಟ್ಬ್ಯಾಡ!"

ಹಿಂದಿನಿಂದ ಬಂದ ಗಂಡಸಿನ ಕೂಗಿಗೆ ವನಿತಾಳ ಎದೆ ಝಲ್ಲೆಂದಿತು. ತಿರುಗಿ ನೋಡುವಷ್ಟರಲ್ಲಿ ಅವಳ ಮಣಿಕಟ್ಟು ಯಾರದೋ ಮುಷ್ಟಿಯೊಳಗಿತ್ತು. ಎತ್ತಿಕೊಂಡಿದ್ದ ಹಲಗೆ ಧೊಪ್ಪನೆ ನೆಲಕ್ಕೆ ಬಿತ್ತು.

ಹೊಸೂರಿನ ಪಕ್ಕದ ಜೂಜುವಾಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆ ಬದಿಗೆ ಕದಿರಪ್ಪನ ಶೆಡ್ಡು. ಫ್ಯಾಕ್ಟರಿಗಳಿಗೆ ಸಾಮಾನು ಹೊತ್ತು ಬಂದ ಮರದ ಅಡಿಹಲಗೆಗಳು, ಅಂದರೆ ಪ್ಯಾಲೆಟ್ಟುಗಳು, ಮುರಿದ ಮೇಲೆ ಬಂದು ಬೀಳುವ ಜಾಗ ಅದು. ಹಗಲಲ್ಲೂ ಅರೆಗತ್ತಲು. ಅಲ್ಲಿ ಹೀಗೆ ಕೈ ಹಿಡಿದರೆ ಯಾವ ಹುಡುಗಿಗೆ ತಾನೇ ಜೀವ ಬಾಯಿಗೆ ಬರುವುದಿಲ್ಲ, ಹೇಳಿ!

"ಕೈ ಬಿಡು! ಬಿಡ್ತೀಯೋ ಇಲ್ಲಾ ಕೂಗ್ಲೋ?"

ಅವನು ಬೆಂಕಿ ಮುಟ್ಟಿದವನ ಹಾಗೆ ಕೈ ಬಿಟ್ಟ. ಉದ್ದನೆಯ ಆಳು. ತಲೆ ತುಂಬ ಮರದ ಪುಡಿ.

"ಆ ಮರ ಬ್ಯಾಡ. ಮನೆಗಾಗಲ್ಲ," ಎಂದಷ್ಟೇ ಹೇಳಿದ.

"ಯಾಕೆ? ನಾನು ದುಡ್ಡು ಕೊಡಲ್ವಾ?"

ಹೊರಗೆ ಯಾರೋ ಹಾರ್ನ್ ಹೊಡೆದರು, ಅವನು ಹೊರಟೇಬಿಟ್ಟ. 'ಎಂಥಾ ಪೊಗರು!' ಎಂದು ಹಲ್ಲು ಕಡಿದಳು ವನಿತಾ.

ಒಳಗಿನಿಂದ ಕದಿರಪ್ಪ ನಗುತ್ತಾ ಬಂದ. "ಅವ್ನು ನಮ್ ವೇಣು ಕಣಮ್ಮ. ಗಾಡಿ ಓಡಿಸ್ತಾನೆ, ಮರ ವಿಂಗಡಿಸ್ತಾನೆ. ನಿಂಗೆ ಏನ್ ಬೇಕೋ ಆ ಅಣ್ಣನ್ನ ಕೇಳು."

"ಯಾರಿಗೆ ಅಣ್ಣ!" ಎಂದಳು ಇವಳು.

ಆ ಮಾತು ಬಾಯಿಂದ ಯಾಕೆ ಬಂತೋ ಅವಳಿಗೇ ಗೊತ್ತಿರಲಿಲ್ಲ. ನಮಗೆ ಗೊತ್ತು, ಬಿಡಿ.

ವನಿತಾ ಉದ್ದನಪಲ್ಲಿಯ ರಾಮಕೃಷ್ಣಪ್ಪನ ಕಿರಿ ಮಗಳು. ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯಲ್ಲಿ ಕೂತು, ಹಳೆ ಪ್ಯಾಲೆಟ್ಟಿನ ಮೊಳೆ ಕಿತ್ತು, ಹಲಗೆ ಉಜ್ಜಿ, ಸ್ಟೂಲು, ಶೆಲ್ಫು, ದೇವರ ಮಂಟಪ ಮಾಡುತ್ತಿದ್ದಳು. ಫೋನಿನಲ್ಲಿ ನೋಡಿ ಕಲಿತ ಕೆಲಸ. ಹೊಸೂರಿನ ಅಪಾರ್ಟ್‌ಮೆಂಟಿನವರು ಬಂದು ಕೊಂಡು ಹೋಗುತ್ತಿದ್ದರು. ಊರಿನವರು ಮಾತ್ರ "ರಾಮಕೃಷ್ಣಪ್ಪನ ಮಗಳು ಗುಜರಿ ಆರಿಸ್ತಾಳೆ" ಎಂದು ನಗುತ್ತಿದ್ದರು. ಅದಕ್ಕೇ ಅವಳು ಹಲಗೆ ಕೈಗೆ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಅದರ ಮೇಲಿನ ಫ್ಯಾಕ್ಟರಿ ಮುದ್ರೆಯನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಅಳಿಸುವುದು.

ಮುಂದಿನ ಸಲ ಶೆಡ್ಡಿಗೆ ಹೋದಾಗ ಅವಳಿಗೆಂದೇ ಒಂದು ಕಟ್ಟು ಸಿದ್ಧವಾಗಿತ್ತು. ನೇರವಾದ ಹಲಗೆಗಳು, ಒಂದರಲ್ಲೂ ಬಿರುಕಿಲ್ಲ, ಸುತ್ತ ಹಸಿರು ಹಗ್ಗ.

ಅದರ ಮುಂದಿನ ಸಲವೂ ಹಸಿರು ಹಗ್ಗ. ಆಮೇಲೆ ಅದು ವೇಣುವಿನ ಗಾಡಿಯಲ್ಲೇ ಉದ್ದನಪಲ್ಲಿಗೆ ಬರತೊಡಗಿತು. ಎಲ್ಲರೂ ತಮಿಳಿನಲ್ಲಿ ಕುಟ್ಟಿಯಾನೆ, ಅಂದರೆ ಮರಿಯಾನೆ, ಎನ್ನುವ ಆ ಪುಟ್ಟ ಲಗೇಜು ಗಾಡಿಯ ಸದ್ದು ಕೇಳಿದರೆ ವನಿತಾ ಕೂದಲು ಸರಿ ಮಾಡಿಕೊಳ್ಳುವಳು. ಅವನು ಕೊಟ್ಟಿಗೆಯಲ್ಲಿ ಕೂತು ಮೊಳೆ ಕೀಳಲು ಸಹಾಯ ಮಾಡುವನು. ಮಾತು ಕಡಿಮೆ. ಆದರೆ ಅವಳ ಬೆರಳಿಗೆ ಸಿಬಿರು ಚುಚ್ಚಿದರೆ ಅವನ ಮುಖ ಬಾಡುತ್ತಿತ್ತು, ತಾನೇ ಅದನ್ನು ತೆಗೆಯುತ್ತಿದ್ದ.

'ಹೇಳ್ತಾನೆ... ಇವತ್ತು ಹೇಳ್ತಾನೆ...' ಎಂದು ಅವಳು ಕಾದದ್ದೇ ಕಾದದ್ದು. ಆ ಮಹಾರಾಯ ಬಾಯಿ ಬಿಟ್ಟರೆ ತಾನೇ!

ಅಷ್ಟರಲ್ಲಿ ಅಕ್ಕ ರಾಧಾಮಣಿಗೆ ಹೆಣ್ಣು ಮಗು ಹುಟ್ಟಿತು. ಸೂಳಗಿರಿಯಲ್ಲಿ ಗಂಡನ ಮನೆಯಲ್ಲಿ ಹೆಸರಿಡುವ ಶಾಸ್ತ್ರ. ತೊಟ್ಟಿಲು ತವರಿನಿಂದಲೇ ಹೋಗಬೇಕು.

"ನಾನೇ ಮಾಡ್ತೀನಮ್ಮ," ಎಂದಳು ವನಿತಾ.

ಅಮ್ಮ ರಾಮಕ್ಕ ಬೆಚ್ಚಿಬಿದ್ದಳು. "ನಿಮ್ಮಕ್ಕನ ಅತ್ತೆ ಆ ಮಂಗಮ್ಮಂಗೆ ಗೊತ್ತಾದ್ರೆ? ಮದುವೇಲಿ ಕೊಟ್ಟ ಮಂಚ ಅಲ್ಲಾಡ್ತದೆ ಅಂತ ಇಡೀ ಸೂಳಗಿರಿಗೆ ಸಾರಿದೋಳು ಆಯಮ್ಮ. ಗುಜರಿ ತೊಟ್ಟಿಲು ಅಂದ್ರೆ ನಿಮ್ಮಕ್ಕನ್ನ ಬದುಕಿಸ್ತಾಳಾ?"

"ಹೊಸ ಮರ ಕೊಯ್ಸಿ ಮಾಡ್ಸಿದ್ದು ಅಂತ ಹೇಳು. ಯಾರಿಗೆ ಗೊತ್ತಾಯ್ತದೆ?"

ತೊಟ್ಟಿಲಿಗೆ ಮರ ತರಲು ಶೆಡ್ಡಿಗೆ ಹೋದ ದಿನ ವೇಣು ಇರಲಿಲ್ಲ, ಲೋಡು ತರಲು ಕೃಷ್ಣಗಿರಿಗೆ ಹೋಗಿದ್ದ. ಹಸಿರು ಹಗ್ಗದ ಕಟ್ಟು ಬಾಗಿಲಲ್ಲೇ ಇತ್ತು. ಕದಿರಪ್ಪ ಸುಮ್ಮನಿರಬಾರದೇ? "ನಮ್ ವೇಣುಗೆ ಹೆಣ್ಣು ಗೊತ್ತಾಗೈತಂತೆ ಕಣಮ್ಮ! ಬೆಳಗ್ಗೆ ಅವನೇ ಹೇಳ್ದ. ಕಳ್ಳ, ಒಳಗೊಳಗೇ ಎಲ್ಲಾ ಮುಗಿಸವ್ನೆ!" ಎಂದುಬಿಟ್ಟ.

ವನಿತಾಳ ಕಾಲ ಕೆಳಗಿನ ನೆಲವೇ ಜಾರಿತು. ಹಾಗಾದರೆ ಇಷ್ಟು ದಿನ...? ಕೊಟ್ಟಿಗೆಯಲ್ಲಿ ಕೂತದ್ದು, ಸಿಬಿರು ತೆಗೆದದ್ದು, ಎಲ್ಲಾ ಬರೀ ವ್ಯಾಪಾರವೇ?

ಆ ಕಟ್ಟನ್ನು ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಶೆಡ್ಡಿನ ಹಿಂದಕ್ಕೆ ಹೋಗಿ ಅಲ್ಲಿನ ರಾಶಿಯಿಂದ ತಾನೇ ಹಲಗೆ ಎಳೆದು ಹಾಕಿದಳು.

"ಅಲ್ಲಿಂದ ಯಾಕಮ್ಮ?" ಎಂದ ಕದಿರಪ್ಪ, ಫೋನಿನಲ್ಲಿ ಯಾರೊಂದಿಗೋ ತಮಿಳಿನಲ್ಲಿ ಜಗಳವಾಡುತ್ತಲೇ.

"ನಂಗೆ ಯಾರೂ ಆರಿಸಿ ಕೊಡೋದು ಬ್ಯಾಡ."

ಮನೆಗೆ ಬಂದು ಅಳುತ್ತಲೇ ಉಜ್ಜಿದಳು. ಅಳುತ್ತಲೇ ಮುದ್ರೆಗಳನ್ನೆಲ್ಲ ಅಳಿಸಿದಳು. ವೇಣುವಿನ ಫೋನು ಬಂದಾಗಲೆಲ್ಲ ಕತ್ತರಿಸಿದಳು, ಕೊನೆಗೆ ಬ್ಲಾಕ್ ಮಾಡಿದಳು. ಹಠದಲ್ಲಿ ಮಾಡಿದ್ದಕ್ಕೋ ಏನೋ, ತೊಟ್ಟಿಲು ಮಾತ್ರ ದೃಷ್ಟಿಯಾಗುವಷ್ಟು ಚೆನ್ನಾಗಿ ಬಂತು.

ಶಾಸ್ತ್ರದ ದಿನ ಬೆಳಿಗ್ಗೆ ಅಪ್ಪ ಅಮ್ಮ ತೊಟ್ಟಿಲನ್ನು ಆಟೋದಲ್ಲಿ ಏರಿಸಿಕೊಂಡು ಮುಂದೆ ಹೋದರು. ವನಿತಾ ಮನೆಗೆಲಸ ಮುಗಿಸಿ, ಬೀಗ ಹಾಕಿ, ಬಸ್ಸಿಗೆ ಹೋಗುವುದೆಂದು ಮಾತಾಗಿತ್ತು. ಅವಳು ಹೊಸ್ತಿಲು ದಾಟುವ ಹೊತ್ತಿಗೆ ಕುಟ್ಟಿಯಾನೆ ಧೂಳೆಬ್ಬಿಸಿಕೊಂಡು ಬಂದು ಅಂಗಳದಲ್ಲಿ ನಿಂತಿತು.

ವೇಣು ಇಳಿಯಲಿಲ್ಲ, ಹಾರಿದ.

"ಹಿಂದಿನ ರಾಶಿದು ತಗಂಡ್ಯಂತೆ? ಈಗ ಕದಿರಪ್ಪ ಹೇಳ್ದ. ಏನು ಮಾಡ್ದೆ ಅದ್ರಲ್ಲಿ?"

"ನಿಂಗ್ಯಾಕೆ? ಮದುವೆ ಕೆಲ್ಸ ಇಲ್ವಾ ನಿಂಗೆ?"

"ವನಿತಾ! ಏನು ಮಾಡ್ದೆ ಹೇಳು!"

ಅವನ ಧ್ವನಿ ಒಡೆದಿತ್ತು. ಅದನ್ನು ಕೇಳಿದ ಮೇಲೆ ವನಿತಾಳ ಸಿಟ್ಟು ಎಲ್ಲಿ ಹೋಯಿತೋ!

"ತೊಟ್ಟಿಲು... ಅಕ್ಕನ ಮಗೂಗೆ..."

ವೇಣು ತಲೆ ಮೇಲೆ ಕೈ ಹೊತ್ತುಕೊಂಡ. "ಅದ್ರ ಮೇಲೆ ಎಚ್.ಟಿ. ಅಂತಿತ್ತಾ, ಎಂ.ಬಿ. ಅಂತಿತ್ತಾ?"

"ನೋಡ್ಲಿಲ್ಲ. ಎಲ್ಲಾ ಉಜ್ಜಿ ಹಾಕ್ಬುಟ್ಟೆ. ಯಾಕೆ? ಏನದು?"

"ಮೊದ್ಲು ಗಾಡಿ ಹತ್ತು."

ಸೂಳಗಿರಿ ರಸ್ತೆಯಲ್ಲಿ ಗಾಡಿ ಕಿತ್ತುಕೊಂಡು ಓಡಿತು. ಎರಡೂ ಕಡೆ ಟೊಮೆಟೊ ತೋಟ, ಎಲೆಕೋಸಿನ ಹೊಲ. ವನಿತಾಳಿಗೆ ಏನೂ ಕಾಣುತ್ತಿರಲಿಲ್ಲ.

"ಹಡಗಲ್ಲಿ ಬರೋ ಮರದಲ್ಲಿ ಹುಳ ಸಾಯ್ಲಿ ಅಂತ ಕೆಲವನ್ನ ಬಿಸಿ ಮಾಡ್ತಾರೆ, ಅದು ಎಚ್.ಟಿ., ಭಯ ಇಲ್ಲ. ಕೆಲವಕ್ಕೆ ವಿಷದ ಹೊಗೆ ಹಾಕ್ತಾರೆ, ಅದು ಎಂ.ಬಿ. ಹಿಂದಿನ ರಾಶೀಲಿ ಅದೂ ಐತೆ, ಕೆಮಿಕಲ್ ಡ್ರಮ್ಮು ಹೊತ್ತು ಬಂದಿದ್ದೂ ಐತೆ. ಏನಾದ್ರೂ ಆಗೇ ಆಯ್ತದೆ ಅಂತಲ್ಲ. ಆದ್ರೆ ಮಗು ಮಲಗೋ ಮರ... ನಾಳೆ ಹಲ್ಲು ಬಂದ್ರೆ ಕಚ್ಚೋ ಮರ..."

ವನಿತಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಅಮ್ಮನಿಗೆ ಹಚ್ಚಿದಳು, ಅವಳೂ ಎತ್ತಲಿಲ್ಲ. ಅಪ್ಪನ ಫೋನು ಸ್ವಿಚ್ ಆಫ್. ವಾಲಗದ ಸದ್ದಿನಲ್ಲಿ ಯಾರಿಗೆ ತಾನೇ ಕೇಳೀತು!

'ದೇವರೇ, ಇನ್ನೂ ಮಲಗಿಸದೇ ಇರಲಿ... ಆ ಕಂದನಿಗೆ ಏನಾದರೂ ಆದರೆ ನಾನು ಹೇಗೆ ಬದುಕಲಿ...'

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನಂಗೆ? ಮೊದಲ ದಿನಾನೇ ಯಾಕೆ ಹೇಳ್ಲಿಲ್ಲ?" ಎಂದು ಅವನ ತೋಳಿಗೆ ಗುದ್ದಿದಳು.

ವೇಣು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಹೇಳಿದ್ರೆ ನೀನೇ ನೋಡಿ ಆರಿಸ್ಕೊಂಡು ಹೋಯ್ತಿದ್ದೆ. ಆಮೇಲೆ ನಾನು ಆರಿಸಿ ಕಟ್ಟಿಡೋ ಹಂಗೇ ಇರ್ತಿರ್ಲಿಲ್ಲ. ಅಷ್ಟೇ. ತಪ್ಪು ನಂದೇ."

ಅವಳು ಅಳು ನಿಲ್ಲಿಸಿ ಅವನನ್ನು ನೋಡಿದಳು. ಏನೋ ಕೇಳಬೇಕೆನಿಸಿತು. ಕೇಳುವ ಹೊತ್ತೇ ಅದು?

ಮಂಗಮ್ಮನ ಮನೆ ಮುಂದೆ ಚಪ್ಪರ, ಚಪ್ಪಲಿ ರಾಶಿ. ಒಳಗೆ ಹೆಂಗಸರ ಹಾಡು. ಗಾಡಿ ನಿಲ್ಲುವ ಮೊದಲೇ ವನಿತಾ ಇಳಿದು ಓಡಿದಳು.

ನಡುಮನೆಯಲ್ಲಿ ಹೂ ಸುತ್ತಿದ ತೊಟ್ಟಿಲು ತೂಗುತ್ತಿತ್ತು. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಮಗುವನ್ನು ಆಗಲೇ ಮಲಗಿಸಿಬಿಟ್ಟರೇ!

ವನಿತಾ ಕಣ್ಣುಜ್ಜಿ ನೋಡಿದಳು. ಅರಿಶಿನ ಕುಂಕುಮ ಹಚ್ಚಿದ ಗುಂಡುಕಲ್ಲು! ಖಾಲಿ ತೊಟ್ಟಿಲು ತೂಗಬಾರದೆಂದು ಮಗುವಿಗಿಂತ ಮೊದಲು ಮಲಗಿಸುವ ರುಬ್ಬುವ ಗುಂಡು. ಮಗು ಇನ್ನೂ ಅಕ್ಕನ ಮಡಿಲಲ್ಲೇ ಇತ್ತು.

ಆದರೆ ಮಂಗಮ್ಮ ಆಗಲೇ ಕಲ್ಲನ್ನು ಎತ್ತಿಕೊಂಡಳು. ರಾಧಾಮಣಿ ನಗುನಗುತ್ತಾ ಮಗುವನ್ನು ಎರಡೂ ಕೈಯಲ್ಲಿ ಎತ್ತಿದಳು.

ವನಿತಾ ಸುತ್ತಲೂ ನೋಡಿದಳು. ಇಷ್ಟು ಜನ... ಬೀಗರು, ನೆಂಟರು... ಹೇಳಿದರೆ ಅಕ್ಕ ಈ ಮನೆಯಲ್ಲಿ ತಲೆಯೆತ್ತಿ ಬಾಳುವುದು ಹೇಗೆ? ಅಪ್ಪನ ಮರ್ಯಾದೆ?

"ಹೇಳು," ಎಂದಿತು ಹಿಂದಿನಿಂದ ಮೆಲ್ಲನೆಯ ಧ್ವನಿ. "ನಾನಿದ್ದೀನಿ."

"ಅಕ್ಕಾ! ಹಾಕ್ಬ್ಯಾಡ!"

ಹಾಡು ನಿಂತಿತು. ವನಿತಾ ಓಡಿಹೋಗಿ ತೊಟ್ಟಿಲಿಗೆ ಅಡ್ಡ ಬಗ್ಗಿ ಎರಡೂ ತೋಳಿಂದ ಅದನ್ನು ಮುಚ್ಚಿದಳು.

"ಇದು ಹೊಸ ಮರ ಅಲ್ಲ ಅತ್ತೆ. ಫ್ಯಾಕ್ಟರಿ ಪ್ಯಾಲೆಟ್ಟಿಂದು. ಸುಳ್ಳು ಹೇಳ್ಸಿದೋಳು ನಾನೇ. ಇದ್ರಲ್ಲಿ ವಿಷ ಇದ್ರೂ ಇರ್ಬೋದು, ಇಲ್ದೇನೂ ಇರ್ಬೋದು... ನಂಗೆ ಗೊತ್ತಿಲ್ಲ! ಗೊತ್ತಾಗೋ ಗುರ್ತನ್ನೇ ನಾನು ಅಳಿಸ್ಬುಟ್ಟೆ. ಪಾಪೂನ ಇದ್ರಲ್ಲಿ ಹಾಕ್ಬ್ಯಾಡಿ... ನಿಮ್ಮ ಕಾಲಿಗೆ ಬೀಳ್ತೀನಿ..."

ರಾಮಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ರಾಧಾಮಣಿ ಮಗುವನ್ನು ಎದೆಗವಚಿಕೊಂಡು ಗೊಂಬೆಯಂತೆ ನಿಂತಳು. ಯಾರೋ "ಗುಜರೀನಾ!" ಎಂದರು.

"ತಪ್ಪು ಅವಳ್ದಲ್ಲಮ್ಮ, ನಂದು," ಎಂದ ವೇಣು ಬಾಗಿಲಿಂದ. "ಯಾವ ಮರ ತಗೋಬಾರ್ದು ಅಂತ ನಾನು ಹೇಳ್ಬೇಕಿತ್ತು."

ಮಂಗಮ್ಮ ಅವನತ್ತ ತಿರುಗಿದಳು. "ನೀನ್ಯಾರಪ್ಪ ಮಧ್ಯದಲ್ಲಿ?"

"ನಾನು... ಮರ ಕಟ್ಟಿಡೋನು."

ಎಂಥಾ ಉತ್ತರ! ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಮಂಗಮ್ಮ ಗುಂಡುಕಲ್ಲನ್ನು ಕೆಳಗಿಟ್ಟು ವನಿತಾಳ ಹತ್ತಿರ ಬಂದಳು. ಹೊಡೆದೇಬಿಡುತ್ತಾಳೆ ಎಂದುಕೊಂಡು ವನಿತಾ ಕಣ್ಣು ಮುಚ್ಚಿದಳು. ಒರಟು ಕೈಯೊಂದು ಅವಳ ಗಲ್ಲ ಹಿಡಿದೆತ್ತಿತು.

"ಸುಳ್ಳು ಹೇಳಿದ್ದು ನಾನು ಮರೆಯಲ್ಲ. ಸಾಯೋವರ್ಗೂ ಎತ್ತಾಡ್ತೀನಿ," ಎಂದಳು ಮಂಗಮ್ಮ. "ಆದ್ರೆ ಇಷ್ಟು ಜನದ ಮುಂದೆ ಮಾನ ಹೋದ್ರೂ ಸರಿ ಅಂತ ನನ್ ಮೊಮ್ಮಗೂಗೆ ಅಡ್ಡ ನಿಂತ್ಯಲ್ಲ, ಅದನ್ನೂ ಮರೆಯಲ್ಲ. ಅಳ್ಬೇಡ ಸುಮ್ನಿರು. ರಾಧಾ, ಒಳಗೆ ನನ್ ಹಳೇ ನೂಲಿನ ಸೀರೆ ಐತೆ, ತಗಂಬಾ. ನಿನ್ ಗಂಡ ಮಲಗಿದ್ದೂ ಸೀರೆ ತೊಟ್ಟಿಲಲ್ಲೇ. ಅವ್ನಿಗೇನಾಗೈತೆ?"

ತೊಲೆಗೆ ಸೀರೆ ಕಟ್ಟಿದರು. ಗುಂಡುಕಲ್ಲು ಇನ್ನೊಮ್ಮೆ ಮಲಗಿ ಎದ್ದಿತು. ಆಮೇಲೆ ಮಗು ಮಲಗಿತು. ಕಿವಿಯಲ್ಲಿ ಮಾಲಿನಿ ಎಂದು ಹೆಸರು ಹೇಳಿದಾಗ ಅದು ದೊಡ್ಡದಾಗಿ ಆಕಳಿಸಿತು. ವನಿತಾ ಕಂಬದ ಮರೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು, ಈ ಸಲ ನೆಮ್ಮದಿಗೆ.

ಊಟ ಮುಗಿದ ಮೇಲೆ ತೊಟ್ಟಿಲನ್ನು ಇಬ್ಬರೂ ಹಿಡಿದು ಗಾಡಿಗೆ ಹಾಕಿದರು. ಅಷ್ಟು ಆಸೆಯಿಂದ ಉಜ್ಜಿದ ಮರ. ವನಿತಾ ಅದರ ಅಂಚನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬಿಚ್ಚಿ ಹಾಕಾನ," ಎಂದ ವೇಣು. "ಬೇರೇದು ಮಾಡು. ನಿನ್ ಕಟ್ಟು ಇನ್ನೂ ಅಲ್ಲೇ ಐತೆ, ಯಾರ್ಗೂ ಮುಟ್ಟಾಕೆ ಬಿಟ್ಟಿಲ್ಲ. ಈ ಸಲ ಮುದ್ರೆ ಉಜ್ಬ್ಯಾಡ."

"ಉಜ್ಜಲ್ಲ. ಕಾಣ್ಲಿ ಎಲ್ರಿಗೂ." ಅವಳು ತಲೆ ತಗ್ಗಿಸಿದಳು. "ಆದ್ರೆ ಇನ್ಮೇಲೆ ನೀನ್ಯಾಕೆ ಕಟ್ಟಿಡ್ತೀಯ? ನಿಂಗೆ ಹೆಣ್ಣು ಗೊತ್ತಾಗೈತಂತಲ್ಲ."

"ಹೂಂ. ನಾನೇ ಹೇಳ್ದೆ ಕದಿರಪ್ಪಂಗೆ."

ವನಿತಾಳ ಕಣ್ಣು ಮತ್ತೆ ತುಂಬಿತು. "ಯಾವೂರೋಳು?"

"ಉದ್ದನಪಲ್ಲಿ. ಕೊಟ್ಟಿಗೇಲಿ ಕೂತು ಮರ ಉಜ್ತಾಳೆ. ಸಿಟ್ಟು ಬಂದ್ರೆ ಫೋನು ಬ್ಲಾಕ್ ಮಾಡ್ತಾಳೆ."

ವನಿತಾ ಅವನ ತೋಳಿಗೆ ಮತ್ತೆ ಗುದ್ದಿದಳು.

"ಊರಿಗೆಲ್ಲಾ ಹೇಳ್ತೀಯ, ನಂಗೊಂದು ಮಾತು ಹೇಳ್ಬಾರ್ದಾ? ಪಾಪಿ!"

"ಭಯ ಆಯ್ತು. ಬ್ಯಾಡ ಅಂದ್ಬುಟ್ರೆ? ನಿಮ್ಮಪ್ಪನ್ನ ಕೇಳಾಕೆ ಈಗ್ಲೂ ಭಯಾನೇ."

"ನಂಗೂ ಭಯ," ಎಂದಳು ವನಿತಾ, ಅಳುತ್ತಾ ನಗುತ್ತಾ. "ಬಾ, ಇಬ್ರೂ ಹೋಗಿ ಕೇಳಾನ."

ಚಪ್ಪರದ ಕೆಳಗೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ರಾಮಕೃಷ್ಣಪ್ಪ ಇತ್ತಲೇ ನೋಡುತ್ತಿದ್ದ. ಅದನ್ನು ಕಂಡು ವೇಣು ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದ.

ವನಿತಾ ತನ್ನ ಮಣಿಕಟ್ಟನ್ನು ಅವನ ಮುಂದೆ ಚಾಚಿದಳು.

"ಹಿಡ್ಕೋ."

"ಆವತ್ತು ಬಿಡು ಬಿಡು ಅಂತ ಕೂಗಿದ್ಯಲ್ಲ?"

"ಇವತ್ತು ಬಿಟ್ರೆ ಕೂಗ್ತೀನಿ."